ಹೊಳೆದಂಡೆಯ ಸೀಸೆ

ಫೆಬ್ರವರಿ 3

ಮಗಳೇ,

ಮೂರು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ನಿನ್ನ ಅಮ್ಮನ ಮಂಡಿನೋವು ಇದ್ದಲ್ಲೇ ಇದೆ, ಬಾಯಿಯೂ ಇದ್ದ ಹಾಗೇ ಇದೆ. ಕೊಯ್ಲು ಮುಗಿದ ಕೂಡಲೇ ನನಗೊಂದು ಜ್ವರ ಬಂದು ಚೆನ್ನಾಗಿ ಮಲಗಿಸಿತ್ತು. ಈಗ ಗುಂಡುಕಲ್ಲಿನ ಹಾಗಿದ್ದೇನೆ.

ನೀನು ಆ ಕಂಪನಿ ಸೇರಿದಾಗ ನಾನು ಆಡಿದ ಮಾತು ನನಗೆ ನೆನಪಿದೆ. ನಮ್ಮ ವೈನನ್ನು ಅಗ್ಗಕ್ಕೆ ಕೊಂಡು, ತಮ್ಮ ಹೆಸರು ಅಂಟಿಸಿ ಮಾರುವವರ ಮೇಜಿನ ಆ ಕಡೆ ಹೋಗಿ ಕೂತವಳ ಹತ್ತಿರ ನನಗೇನು ಮಾತು ಎಂದಿದ್ದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರೆಯುತ್ತಿಲ್ಲ. ಒಂದು ಕೆಲಸವಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಈ ಪಾರ್ಸೆಲ್ಲಿನಲ್ಲಿ ಮೂರು ಸೀಸೆಗಳಿವೆ. ಒಂದು ಮೇಲಿನ ಕಲ್ಲುದಿಬ್ಬದ್ದು, ಒಂದು ನಡುವಿನ ಕೆಂಪು ನೆಲದ್ದು, ಒಂದು ಹೊಳೆದಂಡೆಯ ಕಪ್ಪು ಮಣ್ಣಿನದು. ಪಟ್ಟಣದ ನೀರು ಕುಡಿದು ಊರು ಮರೆತಿರುತ್ತೀಯ ಎಂದು ಬಿಡಿಸಿ ಹೇಳುತ್ತೇನೆ. ದಿಬ್ಬದ ಬಳ್ಳಿಗೆ ಕಲ್ಲಿನ ಸಂದಿಯಲ್ಲಿ ನೀರು ಸಿಗುವುದೇ ಕಷ್ಟ, ಅದರ ಹಣ್ಣು ಸಣ್ಣದು, ವೈನ್ ಹುಳಿ, ಸಿಗುವುದೂ ಸ್ವಲ್ಪವೇ. ಅಲ್ಲಿಯವರಿಗೆ ಇಳುವರಿಗಿಂತ ಜಂಬ ಜಾಸ್ತಿ. ಕೆಂಪು ನೆಲದ್ದಕ್ಕೆ ಒಳ್ಳೆಯ ಬಣ್ಣವಿದೆ, ಕುಡಿದರೆ ನಾಲಿಗೆಯ ಮೇಲೆ ಮೂಟೆ ಇಳಿಸಿದಂತೆ. ಹೊಳೆದಂಡೆಯಲ್ಲಿ ಹಣ್ಣು ಬೇಕಾದಷ್ಟು, ವೈನ್ ಮೆದು, ಪರಿಮಳವೆಲ್ಲ ಅದರದ್ದೇ. ಒಂದೊಂದನ್ನೇ ಮಾರಲು ಹೋದರೆ ಮೂರನ್ನೂ ಕೇಳುವವರಿಲ್ಲ. ಮೂರನ್ನೂ ಸೇರಿಸಿ ನಮ್ಮ ಬೆಳೆಗಾರರ ಸಂಘದ ದೊಡ್ಡ ಟ್ಯಾಂಕಿಗೆ ಹಾಕಿದರೆ ಈ ಕಣಿವೆಯ ಪೆಟ್ಟಿಗೆ ಮಾಡುವ ಬಡಗಿಯಿಂದ ಹಿಡಿದು ಲಾರಿಯವನವರೆಗೆ ಎಲ್ಲರ ಒಲೆಯೂ ಉರಿಯುತ್ತದೆ. ಯಾವುದು ಎಷ್ಟು ಎಂದು ಹೇಳುವುದು ನನ್ನ ಕೆಲಸ, ಅದನ್ನಾದರೂ ಮರೆತಿಲ್ಲ ತಾನೇ?

ಮೂರನ್ನೂ ಮೂಸಿ, ಏನೇನು ಸಿಗುತ್ತದೆ ಎಂದು ವಿವರವಾಗಿ ಬರೆ. ಪರೀಕ್ಷೆ ಅಂದುಕೋ. ಆ ಕಂಪನಿಯವರು ನಿನ್ನ ಮೂಗನ್ನು ಕೆಡಿಸಿದ್ದಾರೋ ಇಲ್ಲವೋ ನೋಡಬೇಕು. ನಾನು ಕಂಡದ್ದಕ್ಕೂ ನೀನು ಬರೆದದ್ದಕ್ಕೂ ತಾಳೆ ಹಾಕುತ್ತೇನೆ. ಫೋನು ಮಾಡಬೇಡ. ಫೋನಿರುವುದು ಸಂಘದ ಆಫೀಸಿನಲ್ಲಿ, ಅಲ್ಲಿ ಮಾತಾಡಿದರೆ ಡಂಗುರ ಹೊಡೆಸಿದ ಹಾಗೆ. ಬಸ್ಸಿನ ಡ್ರೈವರ್ ಕೈಗೆ ಕೊಟ್ಟಿದ್ದೇನೆ, ಡಿಪೋದಿಂದ ಬಿಡಿಸಿಕೋ.

ನಿನ್ನ ಅಪ್ಪ

&nbsp;

ಫೆಬ್ರವರಿ 14

ಅಪ್ಪನಿಗೆ,

ಪರೀಕ್ಷೆಯ ಉತ್ತರ ಪತ್ರಿಕೆ ಇದೋ. ಮೊದಲು ಪಾರ್ಸೆಲ್ಲಿನ ದೂರು: ನಿಮ್ಮ ಡ್ರೈವರ್ ಅದನ್ನು ನಡುವೆ ಇನ್ನೊಂದು ಬಸ್ಸಿಗೆ ದಾಟಿಸಿ, ಆ ಬಸ್ಸಿನವನು ಇಂಜಿನ್ ಪಕ್ಕ ಇಟ್ಟು ಮರೆತು, ಅದು ಒಮ್ಮೆ ಇಲ್ಲಿಗೆ ಬಂದು ವಾಪಸ್ ಹೋಗಿ ಮತ್ತೆ ಬಂತು. ಸದ್ಯ, ಒಂದೂ ಒಡೆದಿಲ್ಲ.

ಆಫೀಸಿನಲ್ಲಿ ತೆಗೆಯಲಿಲ್ಲ. ಕಂಪನಿ ಕೊಳ್ಳುವುದಕ್ಕೆ ಮುಂಚೆ ಮಾರುವವರ ವೈನನ್ನು ನಮ್ಮಲ್ಲಿ ಯಾರೂ ಖಾಸಗಿಯಾಗಿ ಮುಟ್ಟುವಂತಿಲ್ಲ. ಗೊತ್ತಾದರೆ ಕೆಲಸಕ್ಕೆ ಸಂಚಕಾರ. ಅದಕ್ಕೇ ನನ್ನ ಕೋಣೆಗೆ ತಂದೆ. ಕೋಣೆ ಮೂರನೇ ಮಹಡಿಯಲ್ಲಿದೆ, ಕಿಟಕಿ ತೆಗೆದರೆ ಬಸ್ ಡಿಪೋದ ಡೀಸೆಲ್ ವಾಸನೆ. ಕಿಟಕಿ ಮುಚ್ಚಿ, ಪಕ್ಕದ ಮನೆಯವರು ಒಗ್ಗರಣೆ ಹಾಕಿ ಮುಗಿಸುವವರೆಗೂ ಕಾದು, ಲೋಟಗಳನ್ನು ಸೋಪಿಲ್ಲದೆ ಬಿಸಿನೀರಿನಲ್ಲಿ ತೊಳೆದೆ. ನೀವು ಕಲಿಸಿದ ಹಾಗೆಯೇ.

ಕಲ್ಲುದಿಬ್ಬದ್ದು: ನಿಂಬೆಸಿಪ್ಪೆ, ಆಗಷ್ಟೇ ಒದ್ದೆಯಾದ ಕಲ್ಲು, ಹಿಂದೆ ಎಲ್ಲೋ ಒಣಹುಲ್ಲು. ಹುಳಿ ಈ ಸಲ ಹೋದ ಸಲಕ್ಕಿಂತ ಜಾಸ್ತಿ, ಆದರೆ ಶುದ್ಧವಾಗಿದೆ. ಕೆಂಪು ನೆಲದ್ದು: ನೇರಳೆಹಣ್ಣು, ಕರಿಮೆಣಸು, ಸ್ವಲ್ಪ ಹೊಸ ಚರ್ಮದ ಚೀಲದ ವಾಸನೆ. ಚೆನ್ನಾಗಿದೆ, ಇನ್ನೂ ಒರಟು.

ಹೊಳೆದಂಡೆಯದಕ್ಕೆ ಬರೋಣ. ಅದನ್ನು ಮೂರು ಸಲ ಮೂಸಿದೆ. ಮೇಲೆ ಅದರ ಹೂವಿನ ಪರಿಮಳವೇ ಇದೆ. ಅದರ ಕೆಳಗೆ ಕೊಳೆಯಲು ಶುರುವಾದ ಸೇಬಿನ ವಾಸನೆ. ಬಹಳ ಸಣ್ಣದು. ಇನ್ನೊಬ್ಬರಿಗೆ ಸಿಗುವುದೂ ಅನುಮಾನ. ಆದರೆ ಇದೆ, ಮತ್ತು ಇಂಥದ್ದು ಬೆಳೆಯುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಾನಾಗಿದ್ದರೆ ಅದನ್ನು ಉಳಿದೆರಡಕ್ಕೆ ಸೇರಿಸುತ್ತಿರಲಿಲ್ಲ.

ನೀವೂ ಅದನ್ನು ಕಂಡಿರುತ್ತೀರಿ, ನನಗೂ ಸಿಗುತ್ತದೋ ಎಂದು ನೋಡಲು ಕಳಿಸಿದ್ದೀರಿ, ಅಲ್ಲವೇ? ಅಂಕ ಎಷ್ಟು ಬಂತು ತಿಳಿಸಿ.

ಇಲ್ಲಿ ದಿನಾ ಬಿಳಿ ಮೇಜಿನ ಮುಂದೆ ಕೂತು ನಂಬರು ಹಾಕಿದ ಲೋಟ ಮೂಸುತ್ತೇನೆ. ಯಾವ ಊರಿನದೆಂದು ಹೇಳುವುದಿಲ್ಲ. ನಮ್ಮೂರಿನದು ಬಂದಾಗ ಮಾತ್ರ ನನಗೆ ಗೊತ್ತಾಗಿಬಿಡುತ್ತದೆ, ಬೇಕೆಂದೇ ಎರಡನೇ ಸಲ ಮೂಸುತ್ತೇನೆ. ನೀವು ಬರೆದದ್ದು ನನಗೆ ತುಂಬಾ ಖುಷಿಯಾಯಿತು. ಕೆಲಸಕ್ಕೇ ಆಗಲಿ, ಬರೆದಿರಲ್ಲ.

ನಿಮ್ಮ ಮಗಳು

&nbsp;

ಫೆಬ್ರವರಿ 22

ಮಗಳೇ,

ಇದನ್ನು ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅವರು ಸಂಘಕ್ಕೆ ಹೋಗಿದ್ದಾರೆ. ಅಕ್ಷರ ವಕ್ರವಾಗಿದ್ದರೆ ಅವಸರಕ್ಕೆ ಎಂದು ತಿಳಿ.

ನಿನ್ನ ಅಪ್ಪನಿಗೆ ಜ್ವರ ಬಿಟ್ಟಾಗಿನಿಂದ ವಾಸನೆ ತಿಳಿಯುವುದಿಲ್ಲ. ಅವರು ಹೇಳಿಲ್ಲ, ನಾನು ಕೇಳಿಲ್ಲ. ಬೆಳ್ಳುಳ್ಳಿ ವಾಸನೆ ಹಿಡಿದ ಹಾಲನ್ನು ಗಟಗಟ ಕುಡಿದು ಲೋಟ ಇಟ್ಟರು. ಒಲೆಯ ಮೇಲೆ ಪಾತ್ರೆ ಸೀದು ಮನೆಯೆಲ್ಲ ಹೊಗೆಯಾದರೂ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಆಮೇಲೆ ನನಗೆ ಅನುಮಾನ ತಡೆಯಲಾಗದೆ, ಮಧ್ಯಾಹ್ನ ಅವರು ಮಲಗಿದ್ದಾಗ ಹೆಚ್ಚಿದ ಈರುಳ್ಳಿ ತಂದು ಮೂಗಿನ ಹತ್ತಿರ ಹಿಡಿದೆ. ನನ್ನ ಕಣ್ಣಲ್ಲಿ ನೀರು ಬಂತು, ಅವರು ಗೊರಕೆ ಹೊಡೆಯುತ್ತಿದ್ದರು.

ಡಾಕ್ಟರ ಹತ್ತಿರ ಹೋಗೋಣ ಎಂದರೆ ನನಗೇನಾಗಿದೆ ಎನ್ನುತ್ತಾರೆ. ಈಗಲೂ ಬೆಳಿಗ್ಗೆ ಎದ್ದು ಸಂಘದ ನೆಲಮಾಳಿಗೆಗೆ ಹೋಗುತ್ತಾರೆ, ಲೋಟ ತಿರುಗಿಸುತ್ತಾರೆ, ಮೂಸುತ್ತಾರೆ, ತಲೆಯಾಡಿಸುತ್ತಾರೆ. ನಾನೊಮ್ಮೆ ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ಯಾರೂ ಇಲ್ಲದಾಗಲೂ ತಲೆಯಾಡಿಸುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಬಂದುಬಿಟ್ಟೆ.

ನಿನ್ನ ಪತ್ರ ಬಂದ ದಿನ ಅದನ್ನು ನಾಲ್ಕು ಸಲ ಓದಿದರು. ನೀನು ಚೆನ್ನಾಗಿ ಮೂಸಿ ಬರೆಯುತ್ತಿರು. ನಿನಗೆ ಗೊತ್ತೆಂದು ಮಾತ್ರ ತೋರಿಸಿಕೊಳ್ಳಬೇಡ. ಆ ಕೆಲಸ ಹೋದರೆ ಅವರು ಮನೆಯಲ್ಲಿ ಕೂತು ನನ್ನ ಅಡುಗೆಯಲ್ಲಿ ತಪ್ಪು ಹುಡುಕಲೂ ಲಾಯಕ್ಕಿಲ್ಲ.

ನಿನ್ನ ಅಮ್ಮ

&nbsp;

ಮಾರ್ಚ್ 6

ಮಗಳೇ,

ನೂರಕ್ಕೆ ನೂರು. ನಾನು ಕಂಡದ್ದನ್ನೇ ನೀನೂ ಕಂಡಿದ್ದೀಯ, ಆ ಸೇಬಿನ ವಾಸನೆಯನ್ನೂ ಸೇರಿಸಿ. ಕಂಪನಿಯವರು ನಿನ್ನನ್ನು ಪೂರ್ತಿ ಕೆಡಿಸಿಲ್ಲ.

ಹೋದ ವಾರ ಹಣ್ಣು ಹಿಂಡುವ ಶೆಡ್ಡಿನಲ್ಲಿ ಸಂಘದ ಸಭೆ ನಡೆಯಿತು. ಹೊಳೆದಂಡೆಯ ಟ್ಯಾಂಕನ್ನು ಈ ವರ್ಷ ಸೇರಿಸುವುದು ಬೇಡ ಎಂದು ಹೇಳಿದೆ. ಎಲ್ಲರೂ ಲೋಟ ಹಿಡಿದು ಟ್ಯಾಂಕಿನ ಏಣಿ ಹತ್ತಿದರು. ಯಾರಿಗೂ ಏನೂ ಸಿಗಲಿಲ್ಲ. ಅಧ್ಯಕ್ಷರು ಮೂರು ಸಲ ಮೂಸಿ ಸೀನಿದರು. ಹಿಂದೊಮ್ಮೆ ಕೆಂಪು ನೆಲದ ಟ್ಯಾಂಕು ಕೆಡುವ ಎಷ್ಟೋ ದಿನ ಮುಂಚೆ ನಾನೊಬ್ಬನೇ ಅದನ್ನು ಹಿಡಿದದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ಯಾರ ಮೂಗಿಗೂ ಹತ್ತದಿದ್ದದ್ದು ನನ್ನ ಮೂಗಿನ ಮೇಲಿನ ನಂಬಿಕೆಯನ್ನು ಹೆಚ್ಚಿಸಿತು.

ದೋಣಿಯಕ್ಕ ಮಾತ್ರ ಏಣಿಯಿಂದ ಬೇಗ ಇಳಿಯಲಿಲ್ಲ. ನಿನಗೆ ಜ್ಞಾಪಕವಿರಬೇಕು, ಹೊಳೆ ಉಕ್ಕಿದಾಗ ತೋಟದ ಸಾಲುಗಳ ನಡುವೆ ದೋಣಿಯಲ್ಲಿ ಓಡಾಡುತ್ತಾಳಲ್ಲ, ಅವಳು. ಗಂಡ ಹೋದ ಮೇಲೆ ದಂಡೆಯವರ ಪರವಾಗಿ ಸಭೆಗೆ ಬರುವುದು ಅವಳೇ. ಸಾಮಾನ್ಯವಾಗಿ ಅವಳು ಬಾಯಿ ತೆಗೆದರೆ ಅಧ್ಯಕ್ಷರು ಫೈಲಿನೊಳಗೆ ತಲೆ ಹುದುಗಿಸುತ್ತಾರೆ. ಈ ಸಲ ಹೆಚ್ಚು ಮಾತಾಡಲಿಲ್ಲ. "ನನಗೇನೂ ಹತ್ತುತ್ತಿಲ್ಲ. ನಿಮಗೆ ಹತ್ತಿದೆ ಅಂದ್ರೆ ಇರಬೇಕು ಬಿಡಿ" ಎಂದು ಲೋಟ ತೊಳೆದಿಟ್ಟು ಹೋದಳು. ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ಮೊದಲ ಸೋಮವಾರ ವಿನೆಗರ್ ಕಾರ್ಖಾನೆಯ ಟ್ಯಾಂಕರ್ ಬಂದು ಅಷ್ಟನ್ನೂ ತುಂಬಿಕೊಂಡು ಹೋಗುತ್ತದೆ. ವಿನೆಗರಿನವರು ಕೊಡುವುದರಲ್ಲಿ ಬಳ್ಳಿ ಸವರಿದ ಕೂಲಿಯೂ ಹುಟ್ಟುವುದಿಲ್ಲ. ದಂಡೆಯ ಮನೆಗಳಲ್ಲಿ ಈ ವರ್ಷ ಮಾಡು ಹೊದಿಸುವುದು, ಬಳ್ಳಿ ಬದಲಿಸುವುದು ಎಲ್ಲ ನಿಂತಿದೆ. ದಿಬ್ಬದವರು ಆಗಲೇ ಗುಸುಗುಸು ಶುರು ಮಾಡಿದ್ದಾರೆ, ಹೊಳೆಯವರನ್ನು ಸಂಘದಲ್ಲಿ ಯಾಕೆ ಇಟ್ಟುಕೊಳ್ಳಬೇಕು ಎಂದು. ಇವರ ಹುಳಿಯನ್ನು ಒಂಟಿಯಾಗಿ ಯಾರು ಕುಡಿಯುತ್ತಾರೋ ನಾನೂ ನೋಡಬೇಕು.

ಕೆಟ್ಟದ್ದನ್ನು ಸೇರಿಸಿದ್ದರೆ ಇಡೀ ಕಣಿವೆಯ ವೈನ್ ಹಾಳಾಗುತ್ತಿತ್ತು. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಇನ್ನು ಸ್ವಲ್ಪ ದಿನದಲ್ಲಿ ಉಳಿದೆರಡರ ಸೀಸೆ ಮತ್ತೆ ಕಳಿಸುತ್ತೇನೆ, ನೋಡಿ ಬರೆ.

ನಿನ್ನ ಅಪ್ಪ

&nbsp;

ಮಾರ್ಚ್ 27

ಅಪ್ಪನಿಗೆ,

ಈ ಪತ್ರವನ್ನು ಕೂತು ಓದಿ. ವಿಷಯ ಮೊದಲೇ ಹೇಳುತ್ತೇನೆ: ಹೊಳೆದಂಡೆಯ ವೈನ್ ಕೆಟ್ಟಿಲ್ಲ. ಕೆಟ್ಟಿದ್ದು ನನಗೆ ಬಂದ ಸೀಸೆ.

ಹೋದ ಗುರುವಾರ ದೋಣಿಯಕ್ಕ ನಮ್ಮ ಆಫೀಸಿಗೆ ಬಂದಿದ್ದರು. ಇಸ್ತ್ರಿ ಮಾಡಿದ ಸೀರೆ, ಕಂಕುಳಲ್ಲಿ ಟವೆಲ್ ಸುತ್ತಿದ ಒಂದು ಬಾಟಲಿ. ಸಂಘ ಬೇಡ ಎಂದ ವೈನನ್ನು ಕಂಪನಿಯಾದರೂ ಕೊಳ್ಳುತ್ತದೋ ಎಂದು ಕೇಳಲು ಬಂದವರು, ಕೌಂಟರಿನಲ್ಲಿ ನನ್ನನ್ನು ನೋಡಿ ಮುಖ ಅರಳಿಸಿದರು. ಬಾಟಲಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರಂತೆ. "ನಿಮ್ಮಪ್ಪ ಹೇಳಿದ್ದಾರೆ ಅಂದ್ಮೇಲೆ ಸುಳ್ಳಿರೋದಿಲ್ಲ. ಆದ್ರೂ ಮನಸ್ಸು ಕೇಳ್ತಿಲ್ಲ, ನೀನೊಂದು ಸಲ ನೋಡಮ್ಮಾ" ಎಂದರು. ಅದನ್ನು ಕೆಟ್ಟದ್ದೆಂದು ಬರೆದವಳೇ ನಾನು ಎಂದು ಅವರಿಗೆ ಗೊತ್ತಿಲ್ಲ.

ಕತ್ತಿನವರೆಗೂ ತುಂಬಿದ ಬಾಟಲಿ. ಮೂಸಿದೆ. ಹೂವು, ಪೇರಳೆಹಣ್ಣು, ಅಷ್ಟೇ. ಸೇಬಿನ ಸುಳಿವೂ ಇಲ್ಲ. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ಅವರನ್ನು ಕಳಿಸಿದೆ. ಅವರು ನನ್ನ ಕೆನ್ನೆ ಮುಟ್ಟಿ ಹೋದರು. ನಿಮಗೆ ತಿಳಿಸುವ ಮೊದಲು ಅವರಿಗೆ ಏನೂ ಹೇಳಿಲ್ಲ.

ಉಳಿದಿದ್ದ ವೈನನ್ನು ಸಣ್ಣ ಸೀಸೆಗೆ ಹಾಕಿ, ಎರಡು ಬೆರಳಿನಷ್ಟು ಖಾಲಿ ಬಿಟ್ಟು, ನನ್ನ ಕೋಣೆಯಲ್ಲಿ ಬಿಸಿನೀರಿನ ಬಾಯ್ಲರ್ ಮೇಲೆ ಇಟ್ಟೆ. ಎರಡು ದಿನವಾದ ಮೇಲೆ ತೆಗೆದರೆ ಅದೇ ಕೊಳೆತ ಸೇಬು. ಅಪ್ಪಾ, ನೀವು ಕಳಿಸಿದ ಸೀಸೆಗಳಲ್ಲೂ ಎರಡು ಬೆರಳು ಖಾಲಿ ಇತ್ತು. ನಮ್ಮೂರಲ್ಲಿ ಕೊಯ್ಲಿನ ಕಾಲದಲ್ಲಿ ಹುದುಗೆದ್ದು ಕುದಿಯುವ ಹೊಸ ರಸವನ್ನು ಬಸ್ಸಿಗೆ ಕೊಡುವಾಗ ಹಾಗೆ ಬಿಡುತ್ತೇವಲ್ಲ, ಇಲ್ಲದಿದ್ದರೆ ಬಿರಡೆ ಹಾರುತ್ತದೆ ಎಂದು. ನೀವು ಅದೇ ರೂಢಿಯಲ್ಲಿ ಬಿಟ್ಟಿರಿ. ಆದರೆ ಇದು ಕುದಿದು ಮುಗಿದ ವೈನ್, ಗಾಳಿ ಬಿಸಿ ಎರಡೂ ಆಗದು. ಸೀಸೆಯಲ್ಲಿ ಗಾಳಿ, ಪಕ್ಕದಲ್ಲಿ ಇಂಜಿನ್. ದಿಬ್ಬದ್ದು ಹುಳಿಯ ಬಲದಲ್ಲಿ ತಡೆದುಕೊಂಡಿತು, ಕೆಂಪು ನೆಲದ್ದೂ ತಡೆಯಿತು, ಹೊಳೆದಂಡೆಯದು ಮೊದಲೇ ಮೆದು, ತಡೆಯಲಿಲ್ಲ.

ಬೇರೆ ಊರಿನ ಯಾರೇ ಆಗಿದ್ದರೂ ಆ ಸೀಸೆಗಳನ್ನು ನೋಡಿದ ಕೂಡಲೇ ವಾಪಸ್ ಕಳಿಸುತ್ತಿದ್ದರು. ನಾನು ಅದನ್ನೇ ನೋಡಿ ಬೆಳೆದವಳು, ನನಗೆ ವಿಚಿತ್ರ ಅನಿಸಲೇ ಇಲ್ಲ. ಇದರಲ್ಲಿ ನಿಮ್ಮ ತಪ್ಪೆಷ್ಟೋ ನನ್ನದೂ ಅಷ್ಟೇ. ಅಪ್ಪ ಕೇಳಿದ್ದಾರೆ ಎನ್ನುವ ಸಂಭ್ರಮದಲ್ಲಿ ಮೂಗನ್ನು ತೋರಿಸಿಕೊಳ್ಳುವ ಆತುರ ನನಗೆ.

ಇನ್ನೊಂದು ಮಾತು. ನಿಮ್ಮ ಮೂಗಿನ ವಿಷಯ ನನಗೆ ಗೊತ್ತು. ಅಮ್ಮ ಬರೆದಿದ್ದಾಳೆ, ಅವಳ ಮೇಲೆ ರೇಗಬೇಡಿ. ಅವಳ ಪತ್ರ ಬಂದಾಗಲೇ ನಾನು ಇನ್ನೊಂದು ಸೀಸೆ ತರಿಸಬೇಕಿತ್ತು. ನನ್ನೊಬ್ಬಳ ಮೂಗಿನ ಮೇಲೆ ಇಷ್ಟೂ ಜನರ ಹೊಟ್ಟೆಪಾಡು ನಿಂತಿದೆ ಎಂದು ಆಗಲೇ ಹೊಳೆಯಬೇಕಿತ್ತು.

ಸೋಮವಾರ ಟ್ಯಾಂಕರ್ ಬರುತ್ತದೆ. ಅದಕ್ಕೆ ಮುಂಚೆ ನೀವು ಹೇಳಲೇಬೇಕು. ಹೇಗೆ ಹೇಳುತ್ತೀರೋ ನಿಮಗೆ ಬಿಟ್ಟದ್ದು.

ನಿಮ್ಮ ಮಗಳು

&nbsp;

ಏಪ್ರಿಲ್ 7

ಮಗಳೇ,

ಟ್ಯಾಂಕರ್ ಖಾಲಿ ವಾಪಸ್ ಹೋಯಿತು. ಡ್ರೈವರ್ ಡೀಸೆಲ್ ಖರ್ಚು ಯಾರು ಕೊಡುತ್ತಾರೆ ಎಂದು ಗೇಟಿನಲ್ಲಿ ಬಹಳ ಹೊತ್ತು ರಂಪ ಮಾಡಿದ.

ನಿನ್ನ ಪತ್ರ ಬಂದದ್ದು ಶನಿವಾರ. ಓದಿ ಹೊಳೆಯ ಕಡೆ ಹೋಗಿ ಬಂದೆ. ನೆಲವನ್ನು ನೋಡಿ ಬರಬೇಕೆನಿಸಿತು. ಸಾಲುಗಳಲ್ಲಿ ಚಿಗುರು ಬಿಟ್ಟಿದೆ, ಬಳ್ಳಿಗೆ ಈ ರಗಳೆಯೆಲ್ಲ ಗೊತ್ತಿಲ್ಲ. ಮನೆಗೆ ಬಂದು ನಿನ್ನ ಅಮ್ಮನನ್ನು ಕೂರಿಸಿಕೊಂಡು, ನಿನಗೊಂದು ಮಾತು ಹೇಳಬೇಕು ಎಂದೆ. "ಗೊತ್ತು, ಕೈ ತೊಳ್ಕೊಂಡು ಊಟಕ್ಕೆ ಬನ್ನಿ" ಎಂದಳು. ಈರುಳ್ಳಿಯ ಕಥೆ ಆಗ ಹೇಳಿದಳು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು.

ಭಾನುವಾರ ಸಭೆ ಸೇರಿಸಿದರು. ಶೆಡ್ಡಿನಲ್ಲಿ ನಿಲ್ಲಲು ಜಾಗವಿರಲಿಲ್ಲ, ದಿಬ್ಬದವರು ಒಂದು ಕಡೆ, ದಂಡೆಯವರು ಒಂದು ಕಡೆ. ನಾನು ಸುತ್ತಿ ಬಳಸಿ ಹೇಳೋಣ ಎಂದುಕೊಂಡಿದ್ದೆ, ಎದ್ದು ನಿಂತ ಮೇಲೆ ಏನೂ ನೆನಪಾಗಲಿಲ್ಲ. "ಜ್ವರ ಬಂದಾಗಿನಿಂದ ನನಗೆ ವಾಸನೆ ತಿಳಿಯೋದಿಲ್ಲ. ಹೊಳೆದಂಡೆ ವೈನ್ ಕೆಟ್ಟಿಲ್ಲ" ಎಂದೆ.

ಆಮೇಲೆ ಅಧ್ಯಕ್ಷರು, ವಾಸನೆ ತಿಳಿಯದಿದ್ದರೆ ಹೋದ ತಿಂಗಳು ಕೆಟ್ಟಿದೆ ಎಂದು ಹೇಗೆ ಹೇಳಿದಿರಿ ಎಂದು ಕೇಳಿದರು. ಊಹೆ ಮಾಡಿ ಹೇಳಿದೆ ಎಂದೆ. ಬೇರೆ ಏನು ಹೇಳಲಿ? ನಿನ್ನ ಹೆಸರು ಹೇಳಿದರೆ ನಿನ್ನ ಕೆಲಸಕ್ಕೆ ಕುತ್ತು. ಕೊಳ್ಳುವವರ ಮನೆಗೆ ಮೊದಲೇ ಸೀಸೆ ಕಳಿಸಿದ್ದಾನೆ ಎಂದು ನನ್ನ ಮೇಲೂ ಇನ್ನೊಂದು ಅಪವಾದ ಬರುತ್ತಿತ್ತು.

ಆಗ ದೋಣಿಯಕ್ಕ ಎದ್ದು ನನ್ನ ಎದುರಿಗೇ ಬಂದು ನಿಂತಳು. "ನಮ್ಮ ದಂಡೆಯೋರ ಒಂದು ವರ್ಷದ ದುಡಿಮೆನ ಊಹೆ ಮೇಲೆ ವಿನೆಗರಿಗೆ ಹಾಕೋಕೆ ಹೊರಟಿದ್ರಾ?" ಎಂದು ಕೇಳಿದಳು. ಕೂಗಲಿಲ್ಲ. ನಾನು ನೆಲ ನೋಡುತ್ತಾ ನಿಂತಿದ್ದೆ. ಇಷ್ಟು ವರ್ಷ ಇದೇ ಶೆಡ್ಡಿನಲ್ಲಿ ನಾನು ತಲೆಯೆತ್ತಿಕೊಂಡೇ ಓಡಾಡಿದವನು.

ನೆಲಮಾಳಿಗೆಯ ಬೀಗದ ಕೈ ಅಧ್ಯಕ್ಷರಿಗೆ ಕೊಟ್ಟೆ. ಇಪ್ಪತ್ತನೇ ತಾರೀಕು ಮೂರು ಟ್ಯಾಂಕನ್ನೂ ಸೇರಿಸುತ್ತಾರಂತೆ, ಹೋದ ವರ್ಷದ ಲೆಕ್ಕದಲ್ಲೇ. ಅದು ಸರಿಯಾಗುವುದಿಲ್ಲ, ಈ ಸಲ ದಿಬ್ಬದ್ದು ಹುಳಿ ಜಾಸ್ತಿ, ನೀನೇ ಬರೆದಿದ್ದೀಯ, ನನ್ನ ನಾಲಿಗೆಗೂ ಅಷ್ಟು ತಿಳಿಯುತ್ತದೆ. ಹೊಳೆದಂಡೆಯದನ್ನು ಇನ್ನೂ ಹೆಚ್ಚು ಹಾಕಬೇಕು. ಹೇಳಲು ಹೋದೆ. ಅಧ್ಯಕ್ಷರು, ಇದೂ ಊಹೆಯೇನು ಎಂದು ಕೇಳಿದರು. ಮನೆಗೆ ಬಂದೆ.

ಈಗ ರಸ್ತೆಯಲ್ಲಿ ಸಿಕ್ಕವರು ಮಾತಾಡಿಸುತ್ತಾರೆ, ನಿಲ್ಲುವುದಿಲ್ಲ. ಅಭ್ಯಾಸವಾಗುತ್ತದೆ. ನೀನು ಮಾತ್ರ ತುಟಿ ಬಿಚ್ಚಬೇಡ. ನನ್ನದು ಹೇಗಿದ್ದರೂ ಮುಗಿಯಿತು, ನಿನ್ನದು ಇನ್ನೂ ಇದೆ. ನಿನ್ನ ಮೂಗಿನಲ್ಲಿ ದೋಷವಿಲ್ಲ. ಸೀಸೆಯಲ್ಲಿ ಏನಿತ್ತೋ ಅದನ್ನೇ ನೀನು ಬರೆದೆ.

ನಿನ್ನ ಅಪ್ಪ

&nbsp;

ಏಪ್ರಿಲ್ 12

ಅಪ್ಪನಿಗೆ,

ನಿಮ್ಮ ಪತ್ರ ಓದಿದಾಗಿನಿಂದ ಊಟ ಸೇರುತ್ತಿಲ್ಲ. ಬೆಳಿಗ್ಗೆ ನಮ್ಮ ಮ್ಯಾನೇಜರ್ ಹತ್ತಿರ ಹೋಗಿ ಮೂರು ಸೀಸೆಯ ಕಥೆಯನ್ನೆಲ್ಲ ನಾನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ನಿಯಮ ನಿಯಮವೇ ಎಂದರು. ಮಧ್ಯಾಹ್ನದೊಳಗೆ ಮೇಜು ಖಾಲಿ ಮಾಡಿಸಿದರು. ತಪ್ಪು ಅವರದಲ್ಲ. ನನಗೆ ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ, ಆ ಕೆಲಸ ನನಗೆ ಇಷ್ಟವಿತ್ತು. ಅಮ್ಮನಿಗೆ ನೀವೇ ಮೆಲ್ಲಗೆ ಹೇಳಿ.

ದೋಣಿಯಕ್ಕನಿಗೆ ಬೇರೆ ಪತ್ರ ಹಾಕಿದ್ದೇನೆ, ಎಲ್ಲವನ್ನೂ ಬರೆದು. ಅವರ ವೈನನ್ನು ಮೊದಲು ಕೆಟ್ಟದ್ದೆಂದದ್ದು ನಾನು ಎಂದು ಅವರಿಗೆ ನನ್ನಿಂದಲೇ ತಿಳಿಯಬೇಕು. ಬೈದರೆ ಬೈಸಿಕೊಳ್ಳುತ್ತೇನೆ.

ಶುಕ್ರವಾರದ ಬಸ್ಸಿಗೆ ಬರುತ್ತಿದ್ದೇನೆ. ಬೇಡ ಎಂದು ಬರೆಯಲು ಹೋಗಬೇಡಿ, ಆ ಪತ್ರ ಬರುವಷ್ಟರಲ್ಲಿ ನಾನು ದಾರಿಯಲ್ಲಿರುತ್ತೇನೆ. ಇಪ್ಪತ್ತಕ್ಕೆ ಟ್ಯಾಂಕು ಸೇರಿಸುವ ಮುಂಚೆ ಸಭೆ ಇರುತ್ತದಲ್ಲ, ಅಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲುತ್ತೇನೆ. ಅವರು ಕೇಳಿದರೆ ಮೂಸುತ್ತೇನೆ, ಲೆಕ್ಕ ನೀವು ಹೇಳಿ. ಕೇಳದಿದ್ದರೆ ಇಬ್ಬರೂ ಮನೆಗೆ ಹೋಗೋಣ.

ಆದರೆ ಆ ಒಂದು ಮಾತನ್ನು ನಾನು ಹಾಗೇ ಬಿಡುವುದಿಲ್ಲ. ಅಷ್ಟೂ ಜನರ ಎದುರಿಗೆ ಊಹೆ ಮಾಡಿದೆ ಎಂದು ಒಪ್ಪಿಕೊಂಡಿರಿ. ನೆಲಮಾಳಿಗೆಯಲ್ಲಿ ನೀವು ಒಂದು ಲೋಟವನ್ನೂ ಊಹೆಯ ಮೇಲೆ ಬದಿಗಿಟ್ಟವರಲ್ಲ, ಅದು ಆ ಶೆಡ್ಡಿನಲ್ಲಿರುವ ಎಲ್ಲರಿಗಿಂತ ಚೆನ್ನಾಗಿ ನನಗೆ ಗೊತ್ತು. ಮೂರು ವರ್ಷ ನೀವು ಮಾತು ಬಿಟ್ಟಿದ್ದ ಮಗಳು ಕೆಟ್ಟಿದೆ ಎಂದು ಬರೆದಳು, ನೀವು ಮರುಮಾತಿಲ್ಲದೆ ಅದನ್ನು ಊರ ಮುಂದೆ ನಿಂತು ಹೇಳಿದಿರಿ. ನೀವು ಊಹೆ ಮಾಡಲಿಲ್ಲ ಅಪ್ಪಾ, ನನ್ನನ್ನು ನಂಬಿದಿರಿ. ಅದನ್ನು ಅವರಿಗೆ ಹೇಳುವುದಕ್ಕೇ ಬರುತ್ತಿದ್ದೇನೆ.

ನಿಮ್ಮ ಮಗಳು